ಮನೆಯೊಳಗೆ ಏನು ಉರಿಯುತ್ತಿದೆ?

ಗಾಳಿ ಕೆಟ್ಟಿದೆ ಅಂದರೆ ನಾವು ಬೀದಿಯ ಕಡೆ ಕೈ ತೋರಿಸುತ್ತೇವೆ. ಬಸ್ಸು, ಲಾರಿ, ಕಸಕ್ಕೆ ಹಚ್ಚಿದ ಬೆಂಕಿ, ಮುಗಿಯದ ಕಾಮಗಾರಿಯ ದೂಳು. ತೋರಿಸುವುದರಲ್ಲಿ ತಪ್ಪೇನಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಸೇರಿವೆ. ಆದರೆ ಆ ಕಾರ್ಯಕ್ರಮದ ಮಾಪಕಗಳೆಲ್ಲ ಬಯಲಿನಲ್ಲಿ ನಿಂತಿವೆ. ದಿನದ ಬಹುಪಾಲು ಹೊತ್ತನ್ನು ನಾವು ಕಳೆಯುವುದು ಸೂರಿನ ಕೆಳಗೆ. ಕೂಸು, ಬಾಣಂತಿ, ಹಾಸಿಗೆ ಹಿಡಿದ ಹಿರಿಯರಂತೂ ದಿನವಿಡೀ ಅಲ್ಲೇ ಇರುತ್ತಾರೆ. ಆ ಸೂರಿನ ಕೆಳಗಿನ ಗಾಳಿ ಹೇಗಿರಬೇಕು ಎಂದು ಹೇಳುವ ಕಡ್ಡಾಯದ ಮಾನದಂಡ ನಮ್ಮ ದೇಶದಲ್ಲಿ ಇಲ್ಲ.

ಹಾಗೆಂದು ಅಪಾಯ ಚಿಕ್ಕದಲ್ಲ. ಒಲೆಯ ಹೊಗೆ ಮತ್ತು ಸೀಮೆಎಣ್ಣೆಯಿಂದ ಕೆಟ್ಟ ಮನೆಗಾಳಿಗೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಬಲಿಯಾದರು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಐದು ವರ್ಷ ತುಂಬದ ಮಕ್ಕಳೇ ಎರಡು ಲಕ್ಷಕ್ಕೂ ಹೆಚ್ಚು. ಹೊಗೆ ಎಂದರೆ ಕೆಮ್ಮು, ದಮ್ಮು ಎಂದಷ್ಟೇ ನಾವು ತಿಳಿದಿದ್ದೇವೆ. ಈ ಸಾವುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಹೃದ್ರೋಗದ್ದು, ಎರಡನೆಯದು ಪಾರ್ಶ್ವವಾಯುವಿನದು. ಶ್ವಾಸಕೋಶದ ಸೋಂಕು, ದೀರ್ಘಕಾಲದ ಉಸಿರಾಟದ ರೋಗ ಬರುವುದು ಆಮೇಲೆ.

ಹಾಗಾದರೆ ಮನೆಯ ಗಾಳಿ ಸುಧಾರಿಸುವುದು ಹೇಗೆ? ಪೇಟೆಯಲ್ಲಿ ಕೇಳಿದರೆ ಯಂತ್ರ ತೋರಿಸುತ್ತಾರೆ, ನರ್ಸರಿಯಲ್ಲಿ ಕೇಳಿದರೆ ಗಿಡ ಕೊಡುತ್ತಾರೆ. ನಾಲ್ಕು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯದೇ ಕ್ರಮ ಕಾಣುತ್ತದೆ. ಹೊಗೆ ಹುಟ್ಟದಂತೆ ನೋಡಿಕೊಳ್ಳುವುದು ಮೊದಲು. ಹುಟ್ಟಿದ್ದಕ್ಕೆ ಹೊರಹೋಗುವ ದಾರಿ ಮಾಡುವುದು ನಂತರ. ಸೋಸುವ ಮಾತು ಇವೆರಡೂ ಆದ ಮೇಲೆ. ಈ ಕ್ರಮ ತಲೆಕೆಳಗಾದ ಮನೆಯಲ್ಲಿ ಎಷ್ಟು ದುಡ್ಡು ಸುರಿದರೂ ಗಾಳಿ ಸುಧಾರಿಸದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಳತೆಯ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ಪಿಎಂ 2.5 ಎನ್ನುತ್ತಾರೆ. ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲಿನಷ್ಟಿರುವ ಇವನ್ನು ಮೂಗಿನ ರೋಮ ತಡೆಯಲಾರದು. ಶ್ವಾಸಕೋಶದ ಕೊನೆಯ ಗೂಡುಗಳವರೆಗೂ ಇವು ಇಳಿಯುತ್ತವೆ. ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಹೊರಗಾಳಿಗೆ ಭಾರತ ಇಟ್ಟುಕೊಂಡ ಮಿತಿ 40. ಸೌದೆ ಉರಿಯುವ, ಹೊಗೆಕೊಳವೆ ಇಲ್ಲದ ಅಡುಗೆಮನೆಯಲ್ಲಿ ಒಲೆ ಹೊತ್ತಿರುವಷ್ಟು ಹೊತ್ತು ಈ ಅಂಕಿ ನೂರುಗಳಲ್ಲಿರುತ್ತದೆ, ಕೆಲವೊಮ್ಮೆ ಸಾವಿರ ದಾಟುತ್ತದೆ. ಇದನ್ನು ಜಗತ್ತಿನ ಗಮನಕ್ಕೆ ತಂದವರಲ್ಲಿ ಮುಖ್ಯರು ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್. 1980ರ ದಶಕದ ಆರಂಭದಲ್ಲಿ ಅವರು ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ, ಒಲೆಯ ಮುಂದೆ ಕೂತ ಹೆಂಗಸರು ಉಸಿರಾಡುವ ಗಾಳಿಯನ್ನೇ ಅಳೆದರು. ಮಾಪಕವನ್ನು ಊರ ನಡುವಿನ ಕಂಬಕ್ಕೆ ಕಟ್ಟದೆ ಆ ಹೆಂಗಸರ ಮೂಗಿನ ಹತ್ತಿರ ಇಟ್ಟದ್ದೇ ಈ ವಿಷಯದ ಅಧ್ಯಯನಕ್ಕೆ ಹೊಸ ದಿಕ್ಕು ಕೊಟ್ಟಿತು.

ನಮ್ಮ ನೆಲದ ಒಂದು ಅಧ್ಯಯನವೂ ಅಷ್ಟೇ ಮುಖ್ಯ. ಮೈಸೂರಿನ ವೈದ್ಯ ಪಿ. ಎ. ಮಹೇಶ್ ಮತ್ತು ಸಹೋದ್ಯೋಗಿಗಳು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ದು ಅದು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಇರುತ್ತಾರೆ, ಎಷ್ಟು ವರ್ಷದಿಂದ ಇದ್ದಾರೆ ಎಂಬ ಎರಡನ್ನೂ ಗುಣಿಸಿದರೆ ಒಂದು ಸೂಚ್ಯಂಕ ಸಿಗುತ್ತದೆ. ಅದು 60 ಮುಟ್ಟಿದ ಹೆಂಗಸರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್ ಅಪಾಯ ಎದ್ದು ಕಾಣುವಷ್ಟು ಹೆಚ್ಚಿತ್ತು. ಲೆಕ್ಕ ಹಾಕಿ ನೋಡಿ. ಇಪ್ಪತ್ತಕ್ಕೆ ಮದುವೆಯಾಗಿ ಬಂದ ಸೊಸೆ ದಿನಕ್ಕೆ ಮೂರು ಗಂಟೆ ಒಲೆ ಊದಿದರೆ ನಲವತ್ತರ ಹೊತ್ತಿಗೆ ಅಲ್ಲಿಗೆ ತಲುಪುತ್ತಾಳೆ. ಬೀಡಿ ಸಿಗರೇಟು ಮುಟ್ಟದ ಹೆಂಗಸಿಗೆ ಈ ಕೆಮ್ಮು ಎಲ್ಲಿಂದ ಬಂತು ಎಂದು ಆಸ್ಪತ್ರೆಯಲ್ಲಿ ಕೇಳುವಾಗ ಒಲೆಯನ್ನೂ ಕೇಳಬೇಕು.

ಒಲೆಯನ್ನು ಸುಧಾರಿಸುವ ಪ್ರಯತ್ನಕ್ಕೆ ಕರ್ನಾಟಕದಲ್ಲಿ ಗೌರವದ ಇತಿಹಾಸವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿನ ಕೆಲಸದಿಂದ ಬಂದದ್ದು ಮೂರು ಪಾತ್ರೆ ಒಟ್ಟಿಗೆ ಕೂರಿಸಬಹುದಾದ, ಮಣ್ಣಿನಲ್ಲೇ ಕಟ್ಟುವ, ಹೊಗೆಕೊಳವೆ ಇರುವ ಅಸ್ತ್ರ ಒಲೆ. ಸೌದೆ ಉಳಿತಾಯ, ಪಾತ್ರೆಗೆ ಮಸಿ ಕಡಿಮೆ, ಅಡುಗೆಮನೆಯಲ್ಲಿ ಹೊಗೆ ಕಡಿಮೆ. 1980ರ ದಶಕದಲ್ಲಿ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮವೂ ಬಂದು ದೇಶದಾದ್ಯಂತ ಕೋಟ್ಯಂತರ ಒಲೆ ಕಟ್ಟಿದರು. ಆದರೆ ಒಲೆ ಕಟ್ಟಿದ್ದನ್ನು ಎಣಿಸಿದಷ್ಟು ಶ್ರದ್ಧೆಯಿಂದ, ಆಮೇಲೆ ಅದು ಉಳಿಯಿತೇ ಎಂದು ಯಾರೂ ನೋಡಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿದರೆ ತೆಗೆಯಬೇಕು, ಬಿರುಕಿಗೆ ಮಣ್ಣು ಮೆತ್ತಬೇಕು, ದೊಡ್ಡ ಸೌದೆಯನ್ನು ಸೀಳಿ ಸಣ್ಣದು ಮಾಡಬೇಕು. ಒಡಿಶಾದಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ಇಂಥ ಒಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಮೊದಲ ವರ್ಷ ಹೆಂಗಸರ ಒಳಗೆ ಹೋಗುವ ಹೊಗೆ ತಗ್ಗಿತು. ಮುಂದೆ ಆ ಲಾಭ ಕರಗಿಹೋಯಿತು. ಬಳಕೆ ಇಳಿದಿತ್ತು, ದುರಸ್ತಿ ನಿಂತಿತ್ತು.

ಇದರಿಂದ ಹೊಗೆಕೊಳವೆಯೇ ವ್ಯರ್ಥ ಎಂಬ ತೀರ್ಮಾನಕ್ಕೆ ಬರಬಾರದು. ಚೀನಾದ ಶುವಾನ್‌ವೇ ಎಂಬಲ್ಲಿ ಮನೆಯೊಳಗೆ ಕಲ್ಲಿದ್ದಲು ಉರಿಸುತ್ತಿದ್ದರು. ಸಿಗರೇಟು ಸೇದದ ಹೆಂಗಸರಲ್ಲೂ ಶ್ವಾಸಕೋಶದ ಕ್ಯಾನ್ಸರ್ ವಿಪರೀತವಾಗಿತ್ತು. ತೆರೆದ ಬೆಂಕಿಯಿಂದ ಕೊಳವೆ ಇರುವ ಒಲೆಗೆ ಬದಲಾದ ಮನೆಗಳಲ್ಲಿ ಆ ಅಪಾಯ ಶೇ 40ಕ್ಕೂ ಹೆಚ್ಚು ಇಳಿಯಿತು ಎಂದು 2002ರ ಅಧ್ಯಯನ ತೋರಿಸಿತು. ಗ್ವಾಟೆಮಾಲಾದಲ್ಲಿ ಸ್ಮಿತ್ ತಂಡ ನಡೆಸಿದ ಪ್ರಯೋಗದ ಫಲ 2011ರಲ್ಲಿ ಬಂತು: ಕೊಳವೆ ಒಲೆಯಿಂದ ಒಳಗೆ ಹೋಗುವ ಹೊಗೆ ಅರ್ಧಕ್ಕೆ ಇಳಿದರೂ ಮಕ್ಕಳ ನ್ಯುಮೋನಿಯಾ ಒಟ್ಟಾರೆ ಖಚಿತವಾಗಿ ತಗ್ಗಲಿಲ್ಲ, ತೀವ್ರ ಸ್ವರೂಪದ್ದು ಮಾತ್ರ ತಗ್ಗಿತು.

ಅರ್ಧ ಸುಧಾರಣೆ ಸಾಲದು, ಗ್ಯಾಸೇ ಬೇಕು ಎಂಬ ವಾದಕ್ಕೆ ಇದು ಬಲ ಕೊಟ್ಟಿತು. ಭಾರತದಲ್ಲಿ 2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭವಾಗಿ 10 ಕೋಟಿಗೂ ಹೆಚ್ಚು ಸಂಪರ್ಕ ಕೊಟ್ಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಶೇ 58.6 ಮನೆಗಳು ಅಡುಗೆಗೆ ಸ್ವಚ್ಛ ಇಂಧನ ಬಳಸುತ್ತವೆ. ಕರ್ನಾಟಕ ಆ ಸರಾಸರಿಗಿಂತ ಸಾಕಷ್ಟು ಮೇಲಿದೆ. ಗ್ಯಾಸಿನಿಂದ ಎಷ್ಟು ಒಳಿತಾಯಿತು ಎಂಬುದು ಮಾತ್ರ ಸುಲಭದ ಪ್ರಶ್ನೆಯಲ್ಲ. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾಗಳ 3200 ಗರ್ಭಿಣಿಯರನ್ನು ಒಳಗೊಂಡ ಪ್ರಯೋಗದಲ್ಲಿ ಅರ್ಧ ಜನಕ್ಕೆ ಒಲೆ, ಸಿಲಿಂಡರ್ ಎರಡನ್ನೂ ಬಿಟ್ಟಿ ಕೊಟ್ಟರು. ಅವರು ಉಸಿರಾಡಿದ ಪಿಎಂ 2.5 ಸುಮಾರು 24ಕ್ಕೆ ಇಳಿಯಿತು. ಉಳಿದವರದ್ದು 70ರ ಆಸುಪಾಸು. ಹೊಗೆಯ ಮಟ್ಟಿಗೆ ಇದು ದೊಡ್ಡ ಗೆಲುವು. ಆದರೂ 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಕ್ಕಳ ಹುಟ್ಟುತೂಕಕ್ಕೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೆಲವರು ಇದನ್ನು ಗ್ಯಾಸಿನ ಸೋಲು ಎಂದರು. ನಾನು ಹಾಗೆ ಓದುವುದಿಲ್ಲ. ಗರ್ಭದ ಕೆಲವು ತಿಂಗಳ ಬದಲಾವಣೆ ಒಂದು, ಇಪ್ಪತ್ತು ವರ್ಷದ ಹೊಗೆಯಿಂದ ಶ್ವಾಸಕೋಶವನ್ನು ಉಳಿಸುವುದು ಇನ್ನೊಂದು. ಹುಟ್ಟುತೂಕದ ಪ್ರಯೋಗಕ್ಕೆ ಎರಡನೆಯದರ ಉತ್ತರ ಕೊಡಲು ಬರುವುದಿಲ್ಲ.

ಇನ್ನು ನಮ್ಮ ಊರುಗಳಲ್ಲಿ ಗ್ಯಾಸ್ ಬಂದ ಕೂಡಲೇ ಸೌದೆ ಹೋಗಿಲ್ಲ. ಸಿಲಿಂಡರ್ ದರ ಏರಿದಾಗಲೆಲ್ಲ ಮೂಲೆಯ ಒಲೆಗೆ ಮತ್ತೆ ಜೀವ ಬರುತ್ತದೆ. ಮುದ್ದೆಗೆ, ರೊಟ್ಟಿಗೆ, ಹಂಡೆಗೆ ಸೌದೆಯೇ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಡುಗೆಗೆ ಗ್ಯಾಸ್ ಬಳಸುವ ಅನುಕೂಲಸ್ಥರ ಮನೆಯಲ್ಲೂ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಗರಿ, ಮಟ್ಟೆ ಬೆಳಗ್ಗೆ ಸಂಜೆ ಬೀಳುತ್ತಲೇ ಇರುತ್ತವೆ. ಅಂಕಿಅಂಶಗಳಲ್ಲಿ ಈ ಮನೆ ಸ್ವಚ್ಛ ಇಂಧನದ ಮನೆ. ಬಚ್ಚಲ ಹೊಗೆ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಬರುವುದನ್ನು ಸಮೀಕ್ಷೆ ಕೇಳುವುದಿಲ್ಲ. ಹೊಗೆ ತಾಗಿದರೆ ಅಟ್ಟದ ಮರಕ್ಕೆ ಒರಲೆ ಹತ್ತದು ಎಂಬ ಹಿರಿಯರ ಮಾತಿನಲ್ಲಿ ಸತ್ಯವಿದೆ. ಆದರೆ ಮರವನ್ನು ಉಳಿಸುವ ಹೊಗೆ ಮನುಷ್ಯರ ಎದೆಯನ್ನು ಉಳಿಸುವುದಿಲ್ಲ. ಸೋಲಾರ್ ವಾಟರ್ ಹೀಟರ್ ಹಾಕಿಸಲು ಆಗುವವರು ಹಾಕಿಸಬೇಕು. ಆಗದವರು ಬಚ್ಚಲ ಒಲೆಗೆ ಸೂರಿನ ಮೇಲಕ್ಕೆ ಏಳುವ ಕೊಳವೆಯನ್ನಾದರೂ ಕೂರಿಸಬೇಕು.

ಪಟ್ಟಣದವರು ಇಲ್ಲಿಯವರೆಗೆ ಓದಿ ಇದು ನಮ್ಮ ಮನೆಯ ಕಥೆಯಲ್ಲ ಎಂದುಕೊಳ್ಳಬಹುದು. ಅವರ ಮನೆಯ ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತನ್ನು ನೋಡೋಣ. ಸೊಳ್ಳೆ ಬರುತ್ತವೆಂದು ಆರಕ್ಕೆ ಕಿಟಕಿ ಬಾಗಿಲು ಮುಚ್ಚುತ್ತಾರೆ. ದೇವರ ಮುಂದೆ ದೀಪ, ಊದುಬತ್ತಿ, ಕೆಲವೆಡೆ ಧೂಪ. ಮೂಲೆಯಲ್ಲಿ ಸೊಳ್ಳೆಬತ್ತಿ. ಎಂಟಕ್ಕೆ ಒಗ್ಗರಣೆ. ದಿನದಲ್ಲಿ ಹೊಗೆ ಹುಟ್ಟಿಸುವ ಎಲ್ಲ ಕೆಲಸವೂ, ಗಾಳಿ ಹೊರಹೋಗುವ ದಾರಿ ಮುಚ್ಚಿದ ಹೊತ್ತಿನಲ್ಲೇ ನಡೆಯುತ್ತದೆ. ಮಕ್ಕಳು ಓದಲು ಕೂರುವುದೂ ಆಗಲೇ.

ಸೊಳ್ಳೆಬತ್ತಿಯ ವಿಷಯ ನಿಜಕ್ಕೂ ಗಂಭೀರ. ಒಂದು ಸುರುಳಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು ಚೀನಾ ಮತ್ತು ಮಲೇಷ್ಯಾದ ಸುರುಳಿಗಳನ್ನು ಪರೀಕ್ಷಿಸಿದ 2003ರ ಅಧ್ಯಯನ ಹೇಳಿತು. ಅದನ್ನು ಮುಚ್ಚಿದ ಕೋಣೆಯಲ್ಲಿ, ಮಗುವಿನ ಮಂಚದ ಕೆಳಗೆ ಹಚ್ಚಿಟ್ಟು ಮಲಗುವವರಿದ್ದಾರೆ. ಡೆಂಗಿ, ಚಿಕೂನ್‌ಗುನ್ಯಾ ಇರುವ ನಾಡಿನಲ್ಲಿ ಸೊಳ್ಳೆ ಕಚ್ಚಿದರೆ ಕಚ್ಚಲಿ ಎಂದು ಯಾರಿಗೂ ಹೇಳಲಾಗದು. ಉಪಾಯ ಹಳೆಯದೇ: ಮಂಚಕ್ಕೆ ಸೊಳ್ಳೆಪರದೆ, ಕಿಟಕಿಗೆ ಜಾಲರಿ. ಜಾಲರಿ ಹಾಕಿಸಿದ ಮನೆ ಸಂಜೆಯೂ ಕಿಟಕಿ ತೆರೆದಿಡಬಹುದು, ಒಂದೇ ಖರ್ಚಿನಲ್ಲಿ ಎರಡು ಕೆಲಸ. ಬಾಡಿಗೆ ಮನೆಯವರಿಗೆ ಅಂಟಿಸಿ ಬಿಚ್ಚಬಹುದಾದ ಜಾಲರಿ ಸಿಗುತ್ತದೆ. ಇಡೀ ವಿಷಯದಲ್ಲಿ ಒಂದೇ ಒಂದು ಸಾಮಾನು ಕೊಳ್ಳಿರೆಂದು ಹೇಳಬೇಕಾದರೆ ನಾನು ಹೇಳುವುದು ಕಿಟಕಿಯ ಜಾಲರಿಯನ್ನೇ.

ಊದುಬತ್ತಿ ಮೈಸೂರಿನ ಹೆಮ್ಮೆ. ಸಾವಿರಾರು ಹೆಂಗಸರ ಕೈಗೆ ಕೆಲಸ ಕೊಟ್ಟ ಉದ್ಯಮ. ಆದರೂ ಹೇಳಲೇಬೇಕು: ಗ್ರಾಂಗೆ ಗ್ರಾಂ ಹೋಲಿಸಿದರೆ ಉರಿದ ಧೂಪದ್ರವ್ಯದಿಂದ 45 ಮಿಲಿಗ್ರಾಂ ಕಣ ಬಂದರೆ ಸಿಗರೇಟಿನಿಂದ 10 ಮಿಲಿಗ್ರಾಂ ಎಂದು 2008ರ ವೈದ್ಯಕೀಯ ವಿಮರ್ಶೆಯೊಂದು ಲೆಕ್ಕ ಕೊಟ್ಟಿದೆ. ಪೂಜೆ ಬಿಡಿರೆಂದು ನಾನು ಹೇಳುತ್ತಿಲ್ಲ. ದೀಪ, ಹೂವು, ಗಂಟೆ ಇದ್ದರೆ ಪೂಜೆಗೆ ಕೊರತೆಯಿಲ್ಲ. ಹಚ್ಚುವುದಾದರೆ ಒಂದು ಕಡ್ಡಿ, ಕಿಟಕಿ ತೆರೆದು, ಕೆಮ್ಮುವವರಿಲ್ಲದ ಕಡೆ. ತುಳಸಿಕಟ್ಟೆಯ ಹತ್ತಿರ ಹಚ್ಚಿದ ಕಡ್ಡಿಯಿಂದ ಯಾರಿಗೂ ತೊಂದರೆಯಿಲ್ಲ.

ಇದಕ್ಕಿಂತ ಕಷ್ಟದ ಮಾತು ಬಾಣಂತಿ ಕೋಣೆಯದು. ಶೀತವಾದೀತೆಂದು ಕಿಟಕಿಯನ್ನು ಬಟ್ಟೆ ತುರುಕಿ ಮುಚ್ಚುವುದು, ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುವುದು, ಎರೆದ ಮೇಲೆ ಕೂಸಿನ ತಲೆಗೂದಲಿಗೆ ಸಾಂಬ್ರಾಣಿ ಅಥವಾ ಲೋಬಾನದ ಹೊಗೆ ಕೊಡುವುದು. ಇದೆಲ್ಲ ಪ್ರೀತಿಯಿಂದಲೇ ನಡೆಯುತ್ತದೆ. ಮಗು ಬೆಚ್ಚಗಿರಲಿ ಎಂಬ ಅಜ್ಜಿಯ ಕಾಳಜಿ ಸರಿಯಾದದ್ದೇ. ಹಳೆಯ ಮನೆಯ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಇಂದಿನ ಆರ್‌ಸಿಸಿ ಸೂರಿನ, ಗಾಜಿನ ಕಿಟಕಿಯ ಕೋಣೆಯಲ್ಲಿ ಅದೇ ಕೆಂಡ ಬೇರೆಯದೇ ಕೆಲಸ ಮಾಡುತ್ತದೆ. ಹತ್ತು ದಿನದ ಕೂಸು ನಿಮಿಷಕ್ಕೆ ನಲವತ್ತು ಸಲದ ಆಸುಪಾಸು ಉಸಿರಾಡುತ್ತದೆ, ನಾವು ಹದಿನೈದರ ಆಸುಪಾಸು. ಬಿಸಿಲಿನಲ್ಲಿ ಕಾಯಿಸಿದ ಬಟ್ಟೆಯಿಂದ ತಲೆ ಒರೆಸಿ ತಾಯಿಯ ಎದೆಗೆ ಒರಗಿಸಿದರೆ ಮಗುವಿಗೆ ಬೇಕಾದ ಬಿಸಿ ಸಿಗುತ್ತದೆ. ಅಜ್ಜಿಯಂದಿರಿಗೆ ಇದನ್ನು ಹೇಳಬೇಕಾದವರು ಆಶಾ ಕಾರ್ಯಕರ್ತೆಯರು ಮತ್ತು ಹೆರಿಗೆ ಮಾಡಿಸಿದ ವೈದ್ಯರು. ಸೊಸೆ ಹೇಳಿದರೆ ಆಗುವ ಮಾತಲ್ಲ ಇದು.

ಈಗ ಒಗ್ಗರಣೆ. ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದಾಗ ಮನೆಮಂದಿಯೆಲ್ಲ ಕೆಮ್ಮುವುದು ಕಣ್ಣಿಗೆ ಕಾಣುವ ಪುರಾವೆ. ಹೆಚ್ಚಿನ ಉಷ್ಣದಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿತು. ಮನೆಯೊಳಗಿನ ಸೌದೆ ಹೊಗೆಯೂ ಅದೇ ಗುಂಪಿನಲ್ಲಿದೆ. ಗ್ಯಾಸಿನ ನೀಲಿ ಜ್ವಾಲೆಯಿಂದ ಕಣ ಕಡಿಮೆ, ಆದರೆ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ; ಅದು ಆಸ್ತಮಾ ಇರುವವರಿಗೆ ಒಳ್ಳೆಯದಲ್ಲ. ಇಂಡಕ್ಷನ್ ಒಲೆಯಲ್ಲಿ ಜ್ವಾಲೆಯೇ ಇಲ್ಲದ ಕಾರಣ ಆ ತೊಂದರೆಯಿಲ್ಲ, ಒಗ್ಗರಣೆಯ ಹೊಗೆ ಮಾತ್ರ ಅಲ್ಲೂ ಇರುತ್ತದೆ. ಚಿಮಣಿ ಕೊಳ್ಳುವವರು ಒಂದೇ ಪ್ರಶ್ನೆ ಕೇಳಲಿ: ಇದರ ಕೊಳವೆ ಗೋಡೆಯಾಚೆ ಹೋಗುತ್ತದೆಯೇ? ಕೊಳವೆಯಿಲ್ಲದೆ ಗಾಳಿಯನ್ನು ಇದ್ದಿಲಿನಲ್ಲಿ ಹಾಯಿಸಿ ಮತ್ತೆ ಅಡುಗೆಮನೆಗೇ ಬಿಡುವ ಮಾದರಿಗಳು ವಾಸನೆ ಕಡಿಮೆ ಮಾಡಬಹುದು, ಜ್ವಾಲೆಯಿಂದ ಬಂದ ಅನಿಲವನ್ನು ಹೊರಹಾಕಲಾರವು. ಗೋಡೆಯ ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಇವುಗಳಿಗಿಂತ ಎಷ್ಟೋ ವಾಸಿ. ಒಲೆ ಹಚ್ಚುವ ಮೊದಲೇ ಹಾಕಿ, ಆರಿಸಿದ ಮೇಲೂ ಹತ್ತು ನಿಮಿಷ ಬಿಡಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ತೊಡಕಿದೆ. ಅಡುಗೆಮನೆಯ ಒಂದೇ ಬಾಗಿಲು ತೆರೆಯುವುದು ಯುಟಿಲಿಟಿಗೆ. ಮಳೆ ಎರಚಲು, ಪಾರಿವಾಳದ ಕಾಟ ಎಂದು ಯುಟಿಲಿಟಿಗೆ ಗಾಜು ಕೂರಿಸುತ್ತಾರೆ. ಅಲ್ಲಿಗೆ ಅಡುಗೆಮನೆಗೆ ಹೊರಗಾಳಿ ಬರುವ ದಾರಿಯೇ ಮುಗಿಯಿತು. ರಾಷ್ಟ್ರೀಯ ಕಟ್ಟಡ ಸಂಹಿತೆ ಒಣ ಸೆಕೆಯ ಸೀಮೆಯಲ್ಲಿ ನೆಲದ ವಿಸ್ತಾರದ ಹತ್ತನೇ ಒಂದರಷ್ಟು, ತೇವದ ಸೆಕೆಯ ಸೀಮೆಯಲ್ಲಿ ಆರನೇ ಒಂದರಷ್ಟು ತೆರವು ಇರಬೇಕೆನ್ನುತ್ತದೆ. ನಕ್ಷೆಯಲ್ಲಿ ಅದು ಇರುತ್ತದೆ. ವಾಸ ಶುರುವಾದ ಮೇಲೆ ನಾವೇ ಮುಚ್ಚಿಬಿಡುತ್ತೇವೆ.

ತೆರೆದ ಕಿಟಕಿಯ ಬಲವನ್ನು ಚೆನ್ನಾಗಿ ತೋರಿಸಿದ್ದು ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನ. ಕ್ಷಯದ ಸೋಂಕು ಗಾಳಿಯಲ್ಲಿ ಹರಡುವುದನ್ನು ತಡೆಯಲು ಎಂಥ ಕೋಣೆ ಬೇಕು ಎಂಬುದು ಪ್ರಶ್ನೆ. ಕಿಟಕಿ ಬಾಗಿಲು ತೆರೆದಾಗ ಗಂಟೆಗೆ ಸುಮಾರು 28 ಸಲ ಕೋಣೆಯ ಗಾಳಿ ಬದಲಾಯಿತು. ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳ ಲೆಕ್ಕ 12. ಎತ್ತರದ ಸೂರು, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳು ಹೊಸವನ್ನು ಸುಲಭವಾಗಿ ಹಿಂದೆ ಹಾಕಿದವು. ನಮ್ಮ ತೊಟ್ಟಿ ಮನೆಗಳೂ, ಉತ್ತರ ಕರ್ನಾಟಕದ ಮಾಳಿಗೆ ಮನೆಯ ಬೆಳಕಿಂಡಿಯೂ ಮಾಡಿದ್ದು ಈ ಕೆಲಸವನ್ನೇ: ಬಿಸಿಗಾಳಿ, ಹೊಗೆ ಮೇಲಕ್ಕೆ ಏರಿ ಹೋಗುವ ದಾರಿ. ಹೊಸ ಮನೆ ಕಟ್ಟಿಸುವವರು ಎದುರುಬದುರು ಕಿಟಕಿ, ಸೂರಿಗೆ ಹತ್ತಿರ ಒಂದು ತೆರವು ಕೇಳಿ ಹಾಕಿಸಬೇಕು. ಎದುರಿಗೇ ದೊಡ್ಡ ರಸ್ತೆ ಇದ್ದರೆ ವಾಹನ ದಟ್ಟಣೆಯ ಹೊತ್ತು ಆ ಕಡೆಯದನ್ನು ಮುಚ್ಚಿ, ಉಳಿದ ಹೊತ್ತು ತೆರೆದಿಡುವುದು ಸರಿ. ಗೋಡೆಗೆ ಕೂರಿಸುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುತ್ತದೆ ಎಂಬ ನಂಬಿಕೆ ವ್ಯಾಪಕ; ಸಾಮಾನ್ಯ ಮಾದರಿಗಳು ಕೋಣೆಯ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತವೆ. ರಾತ್ರಿ ಬಾಗಿಲು ಹಾಕಿ ಇಬ್ಬರು ಮಲಗಿದ ಕೋಣೆಯಲ್ಲಿ ಬೆಳಗಿನ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಹೊರಗಿನ 420 ಪಿಪಿಎಂ ಮಟ್ಟದ ಹಲವು ಪಟ್ಟು ಏರಬಲ್ಲದು. ಎದ್ದಾಗ ತಲೆ ಭಾರ ಎನ್ನುವವರು ಮೊದಲು ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟು ನೋಡಲಿ.

ಮಲೆನಾಡಿನ ಬೂಷ್ಟು, ಹೊಸ ಬಣ್ಣದ ಘಾಟು ಸಣ್ಣ ವಿಷಯಗಳಲ್ಲ, ಆದರೆ ಇಲ್ಲಿ ಚುಟುಕಾಗಿ ಹೇಳುವೆ. ಬೂಷ್ಟಿಗೆ ಬಣ್ಣ ಬಳಿದರೆ ಅದು ಹೋಗದು. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು. ಹಬ್ಬಕ್ಕೆ ಬಣ್ಣ ಹೊಡೆಸುವಾಗ ಹಳೆಯ ಪದರವನ್ನು ಒಣದಾಗಿ ಉಜ್ಜಿಸಬಾರದು. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಕ್ಕಳ ಮಿದುಳಿಗೆ ವಿಷ. ನೀರು ಹಾಕಿ ಉಜ್ಜಿಸಿ, ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಸಬೇಕು.

ಕೊನೆಗೆ ಪೇಟೆಯ ಸಾಮಾನಿಗೆ ಬರೋಣ. 1989ರಲ್ಲಿ ನಾಸಾದ ಬಿಲ್ ವೂಲ್ವರ್ಟನ್ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಗಿಡವಿಟ್ಟು ರಾಸಾಯನಿಕ ಅನಿಲ ಇಳಿಯುವುದನ್ನು ಕಂಡರು. ಪೆಟ್ಟಿಗೆಯ ಫಲಿತಾಂಶವನ್ನು ಮನೆಗೆ ಅನ್ವಯಿಸಿ ಮನಿಪ್ಲಾಂಟ್, ಅರೆಕಾ ಪಾಮ್ ಮಾರಾಟ ಇಂದಿಗೂ ನಡೆದಿದೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಅಂಥ ಹತ್ತಾರು ಅಧ್ಯಯನಗಳನ್ನು ಮರುಲೆಕ್ಕ ಹಾಕಿದರು: ಸಾಮಾನ್ಯ ಗಾಳಿಯಾಟ ಮಾಡುವ ಕೆಲಸವನ್ನು ಗಿಡ ಮಾಡಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಗಿಡ ಇಡಿ, ಕಣ್ಣಿಗೆ ತಂಪು. ಗಾಳಿಯ ಕೆಲಸವನ್ನು ಅದರ ಮೇಲೆ ಹೇರಬೇಡಿ. ಶುದ್ಧೀಕರಣ ಯಂತ್ರದ ಮಾತು ಬೇರೆ. 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ನ್ನು ಹಿಡಿಯುವ ಹೆಪಾ ಫಿಲ್ಟರ್ ಇದ್ದು, ಕೋಣೆಯ ಅಳತೆಗೆ ತಕ್ಕ ಸಾಮರ್ಥ್ಯವಿದ್ದರೆ ಅದು ಕಣಗಳನ್ನು ನಿಜಕ್ಕೂ ಇಳಿಸುತ್ತದೆ. ಆಸ್ತಮಾ ಇರುವ ಮಗುವಿನ ಕೋಣೆಗೆ, ಹೆದ್ದಾರಿ ಪಕ್ಕದ ಮನೆಗೆ ಅದು ಸರಿಯಾದ ಖರ್ಚು. ಓಜೋನ್ ಬಿಡುವ ಯಂತ್ರಗಳನ್ನು ಮಾತ್ರ ಮನೆಗೆ ತರಬಾರದು. ಓಜೋನ್ ಶ್ವಾಸನಾಳವನ್ನು ಸುಡುತ್ತದೆ.

ಹೆಪಾ ಯಂತ್ರವೂ ಹಿಡಿಯಲಾರದ, ಕಿಟಕಿಯೊಂದೇ ಕಾಯಬಲ್ಲ ಅಪಾಯ ಒಂದಿದೆ: ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ. ಏನೋ ಸರಿಯಿಲ್ಲ ಎಂದು ತಿಳಿಯುವ ಹೊತ್ತಿಗೆ ಕಾಲಲ್ಲಿ ಏಳುವ ಶಕ್ತಿ ಇರುವುದಿಲ್ಲ. ಬಚ್ಚಲೊಳಗೆ ಕೂರಿಸಿದ ಗ್ಯಾಸ್ ಗೀಸರಿನಿಂದ, ಚಳಿಗೆ ಕೆಂಡ ಇಟ್ಟು ಬಾಗಿಲು ಹಾಕಿ ಮಲಗಿದ್ದರಿಂದ ಸತ್ತವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಕೆಂಡ ಇಟ್ಟು ಮಲಗಬೇಡಿ. ನಿಮ್ಮ ಗ್ಯಾಸ್ ಗೀಸರ್ ಬಚ್ಚಲೊಳಗೆ ಇದ್ದರೆ ಈ ವಾರವೇ ಅದನ್ನು ಹೊರಗಿನ ತೆರೆದ ಜಾಗಕ್ಕೆ ಸರಿಸಿ, ಬರಿಯ ನೀರಿನ ಕೊಳವೆ ಒಳಗೆ ಬರಲಿ. ಅಲ್ಲಿಯವರೆಗೆ ನೀರನ್ನು ಬಕೆಟ್ಟಿಗೆ ತುಂಬಿಸಿಕೊಂಡು, ಗೀಸರ್ ಆರಿಸಿ, ಕಿಟಕಿ ತೆರೆದು, ಆಮೇಲೆ ಸ್ನಾನಕ್ಕೆ ಹೋಗಿ. ಮನೆ ಬಾಡಿಗೆಗೆ ಕೊಟ್ಟವರು ತಮ್ಮ ಬಾಡಿಗೆದಾರರ ಬಚ್ಚಲನ್ನೂ ಒಮ್ಮೆ ಹೋಗಿ ನೋಡಿ.